ಹೊಳ್ಳಿ ನೋಡದ ಗಾಳೆವ್ವ

ಭಾಳ ಹಿಂದ, ಎಷ್ಟು ಹಿಂದ ಅಂತ ನನ್ನ ಕೇಳಬ್ಯಾಡ್ರಿ, ನಮ್ಮವ್ವಗೂ ಗೊತ್ತಿದ್ದಿಲ್ಲ, ಆಕಿ ಅವ್ವಗೂ ಗೊತ್ತಿದ್ದಿಲ್ಲ, ಒಂದೂರಾಗ ಗಾಳೆವ್ವ ಅಂತ ಒಬ್ಬಾಕಿ ಇದ್ಲಂತ. ಹೂಂ ಅನ್ರಿ. ನೀವು ಹೂಂ ಅನ್ನದಿದ್ರ ನಾ ಮುಂದಕ ಹೇಳಂಗಿಲ್ಲ, ಮೊದಲ ಹೇಳೇನಿ. ಕೈ ಶೇಂಗಾ ಸುಲೀಲಿ, ಬಾಯಿ ಹೂಂ ಅನ್ನಲಿ. ಕಾಳು ಬಾಯಾಗ ಇಟಗೊಂಡು ಹೂಂ ಅಂದ್ರೂ ನನಗ ತಿಳಿತೈತಿ. ಕಣ್ಣು ಮಂಜಾಗ್ಯಾವ, ಕಿವಿ ಇನ್ನಾ ಚಲೋ ಅದಾವ.

ಆ ಊರ ಮುಂದ ಎರೆಹೊಲ, ಬೆನ್ನಿಗೆ ಗುಡ್ಡ. ಕರೇಗುಡ್ಡ ಅಂತಿದ್ರು. ಗಿಡ ಕಡಿಮಿ, ಹುಲ್ಲು ಭಾಳ, ಗಾಳಿ ಅದಕ್ಕಿಂತ ಭಾಳ. ಗಾಳಿ ಬೀಸಿತು ಅಂದ್ರ ಗುಡ್ಡದ ಹುಲ್ಲೆಲ್ಲ ಒಂದ ಕಡೆ ಮಲಗಿ ಏಳತಿತ್ತಂತ. ಆ ಹುಲ್ಲು ಕೊಯ್ದು ತಂದು, ಬಡದು, ಕಸಬರಿಗಿ ಕಟ್ಟಿ ಮನಿ ಮನಿಗೆ ಕೊಡೋದು ಗಾಳೆವ್ವನ ಕೆಲಸ. ಮನಿಯವರು ಆಕಿ ಉಡಿಗೆ ಒಂದಿಷ್ಟು ಜ್ವಾಳ ಹಾಕತಿದ್ರು. ಹಂಗ ಹೊಟ್ಟಿ ನಡೀತಿತ್ತು.

ಆಕಿ ಹರೇದಾಗಿದ್ದಾಗ ಗಂಡ ಹುಳಾ ಮುಟ್ಟಿ, ಹಾವು ಕಡದು, ಸತ್ತ. ಹೊಲದಾಗ ಹೆಣಾ ಆಗಿದ್ದವನ್ನ ಹೊತಗೊಂಡು ಬಂದ್ರು. ಮಣ್ಣು ಮಾಡಿ ಬಂದ ಮ್ಯಾಲ ಗಾಳೆವ್ವ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾಕಿ ಏಳಲಿಲ್ಲ. ಆಜೂಬಾಜೂದವರು ರೊಟ್ಟಿ ತಂದ್ರು, ಹಂಗ ಒಯ್ದ್ರು. ಅಳಬ್ಯಾಡ ಅನ್ನೋರೂ ಬಂದು ಹೋದ್ರು, ಅತ್ತು ಹಗುರಾಗು ಅನ್ನೋರೂ ಬಂದು ಹೋದ್ರು. ಮಂದಿ ಕಣ್ಣು ಮುಂದ ಆಕಿಗೆ ಅಳು ಬರತಿದ್ದಿಲ್ಲಂತ. ಆಕಿಗೆ ಒಬ್ಬಾಕಿ ಮಗಳು, ನಿಂಬೆವ್ವ ಅಂತ, ನಿಂಬಿ ನಿಂಬಿ ಅಂತ ಕರೀತಿದ್ರು, ಸಣ್ಣಾಕಿ. ಆ ಕೂಸು ಒಂದಿನ ಜ್ವಾಳದ ಗಡಗಿಯೊಳಗ ಕೈ ಹಾಕಿ ತಳಾ ಕೆರದ ಸಪ್ಪಳ ಕೇಳಿ ಗಾಳೆವ್ವ ಎದ್ಲಂತ. ಕೂಸನ್ನ ಬಾಜೂ ಮನಿಯಾಗ ಬಿಟ್ಟು, ಕುಡಗೋಲು ತಗೊಂಡು ಗುಡ್ಡಕ್ಕ ಹೋದ್ಲು.

ಹತ್ತುವಾಗ ಅಳು ಬಂತು. ಹಿಂದ ಯಾರೂ ಇಲ್ಲ, ಮುಂದ ಯಾರೂ ಇಲ್ಲ, ಸಮಾಧಾನ ಮಾಡೋರು ಮೊದಲ ಇಲ್ಲ. ಅಳಕೋತ ಹತ್ತಿದ್ಲು, ಹತಗೋತ ಅತ್ಲು. ತುದಿಗೆ ಹೋಗೂದ್ರಾಗ ಉಸರು ಹತ್ತಿ ಅಳಾಕ ಆಗವಲ್ದು. ಅಲ್ಲೊಂದು ಕಲ್ಲಿನ ದೊಣಿ ಐತಿ, ಮಳಿನೀರು ನಿಂತಿರ್ತೈತಿ. ಬೊಗಸಿಲೆ ನೀರು ಕುಡದ್ಲು. ಕೆಳಗ ತನ್ನ ಮನಿ ಒಂದು ಕಾರಿಹಣ್ಣಿನಷ್ಟ ಕಂಡಿತು. ಇಷ್ಟ ಮನಿಯಾಗ ಅಷ್ಟು ದುಃಖ ಹೆಂಗ ಹಿಡೀತು ಅಂತ ಅನಸ್ತಂತ. ಆಮ್ಯಾಲ ಆಕಿಗೆ ಹಸಿವಾತು. ಹೂಂ ಅನ್ರಿ, ಇದ ಕಥಿಯೊಳಗ ದೊಡ್ಡ ಮಾತು. ಹಸಿವಾತು. ಸಂಜಿಗೆ ಹುಲ್ಲು ಕೊಯ್ದು ಹೊರಿ ಹೊತಗೊಂಡು ಇಳದು, ಬಾಜೂ ಮನಿ ಹೊಚ್ಚಲದಾಗ ನಿಂತು ಎರಡು ರೊಟ್ಟಿ ಕೊಡವಾ ಅಂತ ಬಾಯಿ ಬಿಟ್ಟು ಕೇಳಿದ್ಲು.

ಅಲ್ಲಿಂದ ಸುರು ಆತು ಅಂತಾರ.

ಊರಾಗ ಯಾರ ಮನಿಯಾಗರೆ ಸಾವಾಗಿ, ಒಬ್ಬರು ಹಾಸಿಗಿ ಬಿಟ್ಟು ಏಳವಲ್ರು, ಉಣವಲ್ರು ಅಂದ್ರ, ಗಾಳೆವ್ವ ಬೆಳಿಗ್ಗೆ ಅವರ ಹೊಚ್ಚಲಕ್ಕ ಬಂದು ನಿಲ್ಲತಿದ್ಲಂತ. ತಲಿ ಮ್ಯಾಲ ಸಿಂಬಿ, ಕೈಯಾಗ ಕುಡಗೋಲು, ಸೊಂಟಕ್ಕ ಬುತ್ತಿ. ಏಳ್ರಿ, ಹುಲ್ಲಿಗೆ ಹೋಗೂಣು, ಅಷ್ಟ ಅನ್ನಾಕಿ. ದೇವರು ಕೊಟ್ಟ ದೇವರು ಕಸಗೊಂಡ ಅಂತ ಆಕಿ ಬಾಯಾಗ ಬರತಿದ್ದಿಲ್ಲ. ಅನ್ನೋರು ಊರತುಂಬ ಇದ್ರು.

ಹೋಗೋದಕ್ಕ ಒಂದು ಕಟ್ಟಳಿ ಇತ್ತು. ಗಾಳೆವ್ವ ಮುಂದ, ದುಃಖದವರು ಹಿಂದ. ನಡುವ ಮಾತಿಲ್ಲ. ಮುಂದ ಹೋಗಾಕಿ ಹೊಳ್ಳಿ ನೋಡಂಗಿಲ್ಲ. ಯಾಕಂದ್ರ ಗಟ್ಟಿ ಗಂಡಸರು ಇರ್ತಾರ, ಅತ್ತಿ ಮನಿ ಸೊಸಿ ಇರ್ತಾಳ, ಮಂದಿ ನೋಡ್ತಾರ ಅಂತ ಅಳು ನುಂಗಿಕೊಂಡವರು. ಅವರ ಮಾರಿ ಆ ಹೊತ್ತಿನ್ಯಾಗ ಯಾರೂ ನೋಡಬಾರದು. ತುದಿಗೆ ಹೋಗಿ ಗಾಳೆವ್ವ ದೊಣಿ ಕಡೆ ಮಾರಿ ಮಾಡಿ ಕುಂತು, ಬುತ್ತಿ ಬಿಚ್ಚಿ, ರೊಟ್ಟಿ ಬಾಜೂಕ ಇಡತಿದ್ಲು. ಹಿಂದಿನವರು ಬಂದು ಕುಂತು ರೊಟ್ಟಿಗೆ ಕೈ ಹಚ್ಚಿದ್ರ ಮಾತ್ರ ಆಕಿ ಅವರ ಕಡೆ ನೋಡಾಕಿ. ಕೈ ಹಚ್ಚೂತನಕ ಗಾಳಿ ನೋಡಕೋತ ಕುಂದರತಿದ್ಲು.

ನೇಕಾರ ಸಂಕಪ್ಪ ಅಂತ ಒಬ್ಬಾಂವ ಇದ್ದ. ಒಡಹುಟ್ಟಿದ ತಮ್ಮ ಸತ್ತ ಮ್ಯಾಲ ಮಗ್ಗದ ಗುಣಿಯೊಳಗ ಕಾಲು ಇಳಿಬಿಟಗೊಂಡು ಸುಮ್ಮನ ಕುಂತಬಿಟ್ಟಿದ್ದ. ಲಾಳಿ ಕೈಯಾಗ ಐತಿ, ಒಗಿಯವಲ್ಲ. ಗಾಳೆವ್ವ ಅವನ್ನ ಕರಕೊಂಡು ಹೋದ್ಲು. ಹತ್ತುವಾಗ ಅಂವ ಎತ್ತು ಒದರಿದಂಗ ಒದರಿ ಅತ್ತನಂತ. ಮುಂದಿನಾಕಿ ತಿರಗಲಿಲ್ಲ. ತುದಿಯೊಳಗ ನಾಕು ರೊಟ್ಟಿ ಹೊಡದು, ದೊಣಿ ನೀರು ಕುಡದು, ಅಂಗಾತ ಬಿದ್ದು ಆಕಾಶ ನೋಡಕೋತ ನಿದ್ದಿ ಮಾಡಿದ. ಇಳದು ಬಂದ ಮರುದಿನ ಅವನ ಮಗ್ಗದ ಸಪ್ಪಳ ಓಣಿತುಂಬ ಕೇಳಸ್ತು. ಗುಡ್ಡ ನನ್ನ ಬೆನ್ನು ಚಪ್ಪರಸ್ತು ಅಂದನಂತ.

ಹಂಗ ಆಕಿ ಎಷ್ಟು ಮಂದಿನ್ನ ಹತ್ತಿಸಿದ್ಲೋ. ಹೆಸರು ದೊಡ್ಡದಾತು. ಗಾಳೆವ್ವನ ಕಾಲು ಕಂಡ್ರ ಮುಳ್ಳು ಬಗ್ಗಿ ಮಲಗತಾವ ಅಂದ್ರು. ನಾ ನಂಬಂಗಿಲ್ಲ. ಆ ಗುಡ್ಡದ ಮುಳ್ಳು ನನ್ನ ಕಾಲನ್ನೂ ಭಾಳ ಸಲ ಕಂಡಾವ, ಒಂದೂ ಮಲಗಿಲ್ಲ. ಬ್ಯಾಸಗಿಯೊಳಗ ಆಕಿ ಕುಂತ್ರ ಒಣಗಿದ ದೊಣಿಯೊಳಗ ನೀರು ಒಸರತಿತ್ತು ಅಂತಾರ. ಇರಬಹುದು. ಕತ್ತಲದೊಳಗೂ ಆಕಿ ಕಾಲಿಗೆ ದಾರಿ ತಾನ ಬಂದು ಸಿಗತಿತ್ತು ಅಂತಾರ. ಇದ್ದೀತು. ಆದ್ರ ಒಂದು ಮಾತು ಖರೇ. ಆಕಿ ಹಿಂದ ಹೋದವರು ಉಂಡ್ರು. ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ.

ಆ ಊರಾಗ ಇನ್ನೊಂದು ನಂಬಿಕಿ ಇತ್ತು, ಈಗ ಹೇಳಿಬಿಡ್ತೇನಿ, ಮುಂದ ಬೇಕಾಗ್ತೈತಿ. ಸತ್ತವರ ಹೆಸರು ಹಿಡಿದು ಯಾರರೆ ಕೂಗಿದ್ರ ಓಗೊಡಬಾರದು. ಓಗೊಟ್ಟವರನ್ನ ಸತ್ತವರು ತಮ್ಮ ಕೂಡ ಕರಕೊಂಡು ಹೋಗ್ತಾರ ಅಂತ. ಹೆಣದ ಮುಂದ ಹಾಡ್ಯಾಡಿ ಅಳೋರು ಹೆಸರು ಹಿಡದ್ರ ಸಾಕು, ತಾಯಂದಿರು ಕೂಸಿನ ಬಾಯಿಗೆ ಕೈ ಅಡ್ಡ ಹಿಡೀತಿದ್ರಂತ.

ಹೂಂ. ನಿಂಬಿ ದೊಡ್ಡಾಕಿ ಆದ್ಲು. ಹೊಳಿ ಆಚೀ ಊರಿಗೆ ಕೊಟ್ರು. ಒಂದು ಗಂಡು ಹಡದ್ಲು. ಆ ಕೂಸು ನಡಿಯಾಕ ಕಲಿತಿತ್ತು, ಬೀಳತಿತ್ತು, ಏಳತಿತ್ತು. ಜ್ವರ ಬಂದು ಹೋಗಿಬಿಟ್ಟಿತು. ಅತ್ತಿ ಮನಿಯವರು, ಕೂಸನ್ನ ತಿಂದ ಹೊಟ್ಟಿ ಇಕಿದು ಅಂತ ಅಂದ್ರಂತ. ಅಂಥಾ ಬಾಯಿಗೆ ಹುಳಾ ಬೀಳಲಿ. ನಿಂಬಿ ಹೊಳಿ ದಾಟಿ ತವರಿಗೆ ಬಂದ್ಲು. ಬರಿಗೈಲೆ ಬಂದ್ಲು. ಕೂಸನ್ನ ಹಾಕ್ಕೊಂಡು ತೂಗತಿದ್ದ ಕೌದಿ ಒಂದನ್ನ ಮಡಚಿ ಕಂಕಳದಾಗ ಹಿಡಕೊಂಡಿದ್ಲು.

ಬಂದಾಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ಅವ್ವ ಒಂದ್ಸಲ ಮಲಗಿದ ಜಾಗಾದಾಗ. ಉಣವಲ್ಲಳು. ಎದಿ ಹಾಲು ಕಟ್ಟಿ ನೋವಾದ್ರೂ ಅನ್ನವಲ್ಲಳು. ಗಾಳೆವ್ವ ರೊಟ್ಟಿ ಮುರದು ಬಾಯಿಗೆ ಇಟ್ರ ಅದು ತುಟಿ ಮ್ಯಾಲ ಹಂಗ ಇರತಿತ್ತಂತ. ಊರಿಗೆಲ್ಲ ಔಷಧ ಕೊಟ್ಟಾಕಿ ಮನಿಯಾಗ ರೋಗ ಬಂದು ಕುಂತಿತು.

ಊರವರು ಬಂದು ಬಂದು ಹೇಳಿದ್ರು, ಯಾಕವಾ ತಡಾ, ನೀ ಎಲ್ಲಾರನೂ ಹತ್ತಿಸೀದಿ, ನಿನ್ನ ಮಗಳನ್ನ ಹತ್ತಿಸು ಅಂತ. ಸಂಕಪ್ಪನೂ ಬಂದು ಹೇಳಿದ. ಗಾಳೆವ್ವನ ಮನಸ ಯಾಕೋ ಒಪ್ಪತಿದ್ದಿಲ್ಲಂತ. ಈ ಮಾರಿ ನಾ ನೋಡದ ಹೆಂಗ ನಡೀಲಿ ಅಂತ ಬಾಜೂ ಮನಿಯಾಕಿ ಮುಂದ ಒಂದ್ಸಲ ಅಂದಿದ್ಲಂತ. ಕಡೀಕ ಮಗಳ ಕಣ್ಣು ಗುಳಿ ಬಿದ್ದದ್ದು ನೋಡಿ, ಇನ್ನ ತಡದ್ರ ಕೈಗೆ ಸಿಗಂಗಿಲ್ಲ ಅಂತ ಬೆಳಿಗ್ಗೆ ಎಬ್ಬಿಸಿದ್ಲು. ಬಿಸಿ ರೊಟ್ಟಿ ಬಡದು ಬುತ್ತಿ ಕಟ್ಟಿದ್ಲು. ನಿಂಬಿಗೆ ಸೇರತಿದ್ದ ಗುರೆಳ್ಳು ಹಿಂಡಿ, ಅದ ಚಟ್ನಿಪುಡಿ, ಕಟ್ಟಿದ್ಲು. ಏಳವಾ, ಹುಲ್ಲಿಗೆ ಹೋಗೂಣು ಅಂದ್ಲು. ನಿಂಬಿ ಕೌದಿ ಕಂಕಳದಾಗ ಹಿಡಕೊಂಡು ಎದ್ಲು. ಹಟಾ ಮಾಡಲಿಲ್ಲ. ಊರವರು ಬಾಗಲಕ್ಕ ನಿಂತು, ಇನ್ನ ಚಿಂತಿ ಇಲ್ಲ, ಸಂಜಿಗೆ ಉಂಡಾಳು ಅಂತ ಮಾತಾಡಿಕೊಂಡ್ರು.

ಗುಡ್ಡದ ಬುಡಕ್ಕ ಕುರಿ ಮೇಯಸ್ತಿದ್ದ ಒಬ್ಬಾಕಿ ಕೇಳಿದ ಮಾತಿದು, ಅಲ್ಲಿಂದ ನಮ್ಮತನಕ ಬಂದೈತಿ. ಅಲ್ಲಿ ನಿಂಬಿ ಅವ್ವನ ಸೆರಗು ಹಿಡದ್ಲಂತ. ಸಣ್ಣಾಕಿದ್ದಾಗ ಹಿಡೀತಿದ್ದಂಗ. ಯವ್ವಾ, ಹಿಡಕೊಂಡು ಬರ್ತೇನಿ ಅಂದ್ಲಂತ. ಹೊಳಿ ದಾಟಿ ಬಂದ ಮ್ಯಾಲ ಆಕಿ ಆಡಿದ್ದು ಅದೊಂದ ಮಾತು.

ಗಾಳೆವ್ವ ನಿಂತ್ಲು. ನಿಂತು, ಮಗಳ ಕೈಬೊಟ್ಟು ಒಂದೊಂದ ಬಿಡಿಸಿದ್ಲಂತ. ಗುಡ್ಡಕ್ಕ ಹೋಗೋರು ಯಾರ ಸೆರಗೂ ಹಿಡೀಬಾರದು, ನಿನ್ನ ಕಾಲಿಲೆ ನೀ ಬಾರವಾ, ಬಂದ್ರ ಎಲ್ಲಾ ನೆಟ್ಟಗಾಗ್ತೈತಿ ಅಂದ್ಲಂತ. ಮಗಳಿಗೊಂದು ಊರವರಿಗೊಂದು ಮಾಡಿದ್ರ ಗುಡ್ಡ ಮುನಿಸಿಕೊಂಡೀತು ಅಂತ ಆಕಿ ಹೆದರಿದ್ಲು. ಹೆದರೋರು ಹಂಗ. ಎಲ್ಲಿ ಹೆದರಬೇಕೋ ಅಲ್ಲಿ ಬಿಟ್ಟು ಬ್ಯಾರೆ ಕಡೆ ಹೆದರತಾರ.

ಹತ್ತಿದ್ರು. ಹಿಂಗಾರಿ ಬಿಸಿಲು ಎಳೀದು. ತಂಗಡಿ ಹೂ ಹಳದಿ ಹಳದಿ ಅರಳಿದ್ವು. ಎಲ್ಲೋ ನವಿಲು ಕೂಗತಿತ್ತು. ಗಾಳೆವ್ವಗ ಹಿಂದ ಮಗಳ ಕಾಲುಂಗರದ ಸಪ್ಪಳ ಕೇಳಸ್ತಿತ್ತು, ಚಪ್ಪಲಿ ದಾಟಿ ಕಲ್ಲಿಗೆ ತಾಗಿ ಟಿಕ್ ಅಂತ, ಆಮ್ಯಾಲ ಟಿಕ್ ಅಂತ. ಅಳು ಕೇಳಸಲಿಲ್ಲ. ಅಳಲಿ, ಈಗ ಅಳತಾಳ, ಮುಂದಿನ ತಿರುವಿನ್ಯಾಗ ಅಳತಾಳ ಅಂತ ಕಾದಕೋತ ನಡದ್ಲು. ಹೊಳ್ಳಿ ನೋಡಾಕ ಕುತಗಿ ತಾನ ತಿರಗತಿತ್ತಂತ. ಕುಡಗೋಲಿನ ಹಿಡಿಕಿ ಗಟ್ಟಿ ಹಿಡಕೊಂಡು ಮುಂದ ನೋಡಿದ್ಲು. ತಾಯಿ ಕುತಗಿ ಅದು, ಬಿಟ್ಟಿದ್ರ ತಿರಗತಿತ್ತು. ಆಕಿ ಬಿಡಲಿಲ್ಲ.

ಗುಡ್ಡದ ನಡುವ ಒಂದು ದೊಡ್ಡ ಕಲ್ಲು ಐತಿ. ಅಲ್ಲಿ ದಾರಿ ತಿರಗತೈತಿ, ಒಂದು ಕಡೆ ಕಮರಿ. ಆ ಕಲ್ಲು ದಾಟಿದ್ರ ಗಾಳಿ ಸುರು, ಕಿವಿಯಾಗ ಹೊಕ್ಕು ಏನೂ ಕೇಳಸಗೊಡಂಗಿಲ್ಲ. ಗಾಳೆವ್ವ ಕಲ್ಲು ದಾಟಿದ್ಲು. ಕಾಲುಂಗರದ ಸಪ್ಪಳ ಗಾಳಿಯೊಳಗ ಹೋತು. ಅದು ದಿನಾ ಹೋಗೋದ. ಯಾರನ್ನ ಕರಕೊಂಡು ಬಂದ್ರೂ ಅಲ್ಲಿ ಸಪ್ಪಳ ಹೋಗೋದ.

ತುದಿಗೆ ಬಂದು ದೊಣಿ ಕಡೆ ಮಾರಿ ಮಾಡಿ ಕುಂತ್ಲು. ಬುತ್ತಿ ಬಿಚ್ಚಿದ್ಲು. ರೊಟ್ಟಿ ಬಾಜೂಕ ಇಟ್ಲು, ಅದರ ಮ್ಯಾಲ ಗುರೆಳ್ಳು ಹಿಂಡಿ ಇಟ್ಲು. ಕಾದ್ಲು.

ಹೂಂ ಅನ್ರಿ.

ಕೈ ಬರಲಿಲ್ಲ. ಅಳಾಕತ್ತಿರಬೇಕು ಅಂದುಕೊಂಡ್ಲು, ಹಿಂದ ನಿಂತು ಅಳಾಕತ್ತಿರಬೇಕು, ಅಳಲಿ. ಬಿಸಿಲು ಏರಿತು. ಕೈ ಬರಲಿಲ್ಲ. ರೊಟ್ಟಿ ಗಾಳಿಗೆ ಒಣಗಿ ಅಂಚು ಎದ್ದು ಸುರುಳಿ ಆತು. ಹಿಂಡಿ ಗಾಳಿಗೆ ಹಾರಿಹೋತು. ನೋಡಬಾರದು ಅಂತ ಕುಂತಾಕಿ ಕುಂತ ಇದ್ಲಂತ. ಕಡೀಕ ಹೊಳ್ಳಿ ನೋಡಿದ್ಲು.

ದಾರಿ ಇತ್ತು. ಹುಲ್ಲಿತ್ತು. ಮಗಳಿದ್ದಿಲ್ಲ.

ಊರವರು ಹತ್ತಿ ಬಂದು ಹುಡಕಿದ್ರು. ಆ ದೊಡ್ಡ ಕಲ್ಲಿನ ಹಂತೇಲೆ, ಬಾಜೂಕ, ನಿಂಬಿ ಚಪ್ಪಲಿ ಸಿಕ್ವು, ಕೌದಿ ಸಿಗಲಿಲ್ಲ. ಕಮರಿಯೊಳಗ ಹಗ್ಗಾ ಬಿಟ್ಟು ಇಳದ್ರು, ಅಲ್ಲಿ ಮುಳ್ಳುಕಂಟಿ ಬಿಟ್ರ ಏನೂ ಕಾಣಲಿಲ್ಲಂತ. ಕಾಲು ಜಾರಿತು ಅಂತಾರ ಕೆಲವರು. ತಾನ ಹೋದ್ಲು ಅಂತಾರ ಕೆಲವರು. ಗುಡ್ಡದ ಆಚೀ ಕಡೆ ಇಳದು, ಗುರ್ತಿಲ್ಲದ ಊರಾಗ ಯಾರದೋ ಕೂಸನ್ನ ಎತ್ತಿಕೊಂಡು ಬದುಕಿದ್ಲು ಅಂತನೂ ಅಂತಾರ. ನಮ್ಮವ್ವ ಅದನ್ನ ನಂಬಿದ್ಲು. ನಂಬಿ ಸತ್ಲು, ಚಲೋ ಆತು. ನನಗ ನಂಬಾಕ ಆಗವಲ್ದು. ಯಾರೂ ನೋಡಿಲ್ಲ. ನೋಡಬೇಕಾದಾಕಿ ನೋಡಬಾರದು ಅಂತ ನಡದಿದ್ಲು.

ಅವತ್ತಿನಿಂದ ಗಾಳೆವ್ವ ಯಾರ ಹೊಚ್ಚಲಕ್ಕೂ ಬರಲಿಲ್ಲ. ಕಸಬರಿಗಿ ಕಟ್ಟಲಿಲ್ಲ. ಊರಾಗಿನ ಕಸಬರಿಗಿ ಸವದು ಮೋಟು ಆದ್ವಂತ. ಆಕಿ ದಿನಾ ಗುಡ್ಡ ಹತ್ತತಿದ್ಲು, ಆದ್ರ ಹಿಂದಕ್ಕ ಮಾರಿ ಮಾಡಿ ಹತ್ತತಿದ್ಲಂತ. ತಿಳೀತಿಲ್ಲೊ? ಬೆನ್ನು ಗುಡ್ಡದ ಕಡೆ, ಮಾರಿ ಊರ ಕಡೆ. ಹಿಂದಹಿಂದಕ್ಕ ಒಂದೊಂದ ಹೆಜ್ಜಿ ಇಟಗೋತ, ಹಿಂದ ಯಾರರೆ ಬರಾಕತ್ತಾರೇನು ಅಂತ ನೋಡಕೋತ. ಮುಳ್ಳು ಆಗೇನೂ ಮಲಗಲಿಲ್ಲ. ಹಿಮ್ಮಡಿ ರಗತಾ ಸೋರತಿತ್ತು. ಕಲ್ಲಿಗೆ ಬಂದು ನಿಂತು ಕರೀತಿದ್ಲು. ನಿಂಬೀ. ಬಂದ್ಯಾ ನಿಂಬೀ.

ಆ ಕೂಗು ಊರತನಕ ಕೇಳಸ್ತಿತ್ತು. ನೀರು ಸೇದೋರಿಗೆ ಕೇಳಸ್ತಿತ್ತು, ಹೊಲದಾಗ ಇದ್ದವರಿಗೆ ಕೇಳಸ್ತಿತ್ತು. ಒಬ್ಬರೂ ಓಗೊಡಲಿಲ್ಲ. ಸತ್ತಾಕಿ ಹೆಸರು ಅದು, ಓಗೊಟ್ರ ತಮ್ಮನ್ನ ಒಯ್ದಾಳು ಅಂತ. ತಾಯಂದಿರು ಕೂಸಿನ ಬಾಯಿ ಮುಚ್ಚಿದ್ರು. ಸಂಕಪ್ಪ ಲಾಳಿ ಜೋರ ಜೋರ ಒಗದ, ಮಗ್ಗದ ಸಪ್ಪಳದಾಗ ಕೇಳಸಬಾರದು ಅಂತ. ಆ ಸಪ್ಪಳ ಆಕಿ ಕೊಟ್ಟದ್ದು ಅನ್ನೋದು ಅವನಿಗೆ ಗೊತ್ತಿತ್ತು.

ಆಕಿನ್ನ ಯಾರರೆ ಕರಕೊಂಡು ಹೋಗಬೇಕಾಗಿತ್ತು ಅಂತೀರಿ. ನೀವಂತೀರಿ, ಕುಂತು ಹೇಳೋದು ಹಗುರ. ಆ ಊರಿನ ಮಂದಿಗೆಲ್ಲ ಆಕಿ ಹಿಂದ ನಡದು ಗೊತ್ತಿತ್ತು, ಮುಂದ ನಡಿಯಾಕ ಒಬ್ಬರೂ ಕಲಿತಿದ್ದಿಲ್ಲ. ಆಕಿ ಹೊಚ್ಚಲದಾಗ ನಿಂತು, ಏಳವಾ, ಹುಲ್ಲಿಗೆ ಹೋಗೂಣು ಅನ್ನೋ ಅಷ್ಟು ಮಾತು ಯಾರ ಬಾಯಿಗೂ ಬರಲಿಲ್ಲ. ಗುಡ್ಡದಾಕಿಗೆ ಗುಡ್ಡ ತೋರಸೋರು ಯಾರು ಅಂತ ಅಂದುಕೊಂಡ್ರು. ಅದ ನಮ್ಮ ಊರು ಮಾಡಿದ ಪಾಪ. ಹೌದು, ನಮ್ಮ ಊರ. ಒಂದೂರು ಒಂದೂರು ಅಂತ ಎಷ್ಟೊತ್ತು ಮುಚ್ಚಿಡಲಿ.

ಒಂದಿನ ಕೂಗು ಬರಲಿಲ್ಲ. ಬಾವಿಗೆ ನಿಂತವರು ಹಗ್ಗಾ ಹಿಡಕೊಂಡು ಹಂಗ ನಿಂತ್ರಂತ. ಸಂಕಪ್ಪ ಮಗ್ಗ ನಿಲ್ಲಿಸಿದ. ಮರುದಿನಾನೂ ಬರಲಿಲ್ಲ. ಆಗ ಹತ್ತಿದ್ರು ಊರವರು, ಆಗ ಹತ್ತಾಕ ಕಾಲು ಬಂದ್ವು. ಕಲ್ಲಿನ ಹಂತೇಲೆ ಕುಡಗೋಲು ಇತ್ತು. ಸಿಂಬಿ ಇತ್ತು. ಆಕಿ ಇದ್ದಿಲ್ಲ. ಮ್ಯಾಲ ದೊಣಿತನಕ ಹೋಗಿ ನೋಡಿದ್ರ ಬಾಜೂಕ ಎರಡು ರೊಟ್ಟಿ, ಗಾಳಿಗೆ ಒಣಗಿ ಸುರುಳಿ ಆಗಿದ್ವಂತ.

ಗಾಳಿಯಾದ್ಲು ಅಂತಾರ. ಆ ಕಲ್ಲಿನ ಹಂತೇಲೆ ಗಾಳಿ ಈಗೂ ಊರ ಕಡೆ ಮಾರಿ ಮಾಡಿ ಬೀಸತೈತಿ, ಆಕಿನ ಅದು ಅಂತಾರ. ಆದ್ಲೋ ಬಿಟ್ಲೋ. ಗಾಳಿಯಾದ್ರ ಬುತ್ತಿ ಯಾರು ಕಟ್ಟಬೇಕು, ದುಃಖದವರ ಹೊಚ್ಚಲದಾಗ ಯಾರು ನಿಲ್ಲಬೇಕು.

ಆ ಕಲ್ಲಿಗೆ ಹೊಳ್ಳಿನೋಡೋ ಕಲ್ಲು ಅಂತ ಹೆಸರು ಬಂತು. ಈಗೂ ನಮ್ಮ ಊರಾಗ ಸಾವಾದ ಮನಿಯವರನ್ನ ಗುಡ್ಡಕ್ಕ ಕರಕೊಂಡು ಹೋಗ್ತೀವಿ. ಗುಡ್ಡದ ಗುಣ ಹೋಗಿಲ್ಲ, ಹತ್ತಿದವರಿಗೆ ಹಸಿವು ಕೊಡತೈತಿ, ಎಲ್ಲಾರಿಗೂ ಅಲ್ಲ. ಬುಡದಿಂದ ಕಲ್ಲಿನತನಕ ಹಿಂದಿನವರು ಮುಂದಿನವರ ಸೆರಗು ಹಿಡೀಬೇಕು, ಗಂಡಸರಾದ್ರ ಹೆಗಲ ಮ್ಯಾಲಿನ ವಲ್ಲಿ ಹಿಡೀಬೇಕು. ಬೊಟ್ಟು ಬಿಡಿಸೋ ಹಂಗಿಲ್ಲ. ಕಲ್ಲಿಗೆ ಬಂದ ಮ್ಯಾಲ ಮುಂದಿನವರು ಹೊಳ್ಳಿ ನೋಡಿ, ಹೆಸರು ಹಿಡಿದು, ಬಂದ್ಯಾ ಅಂತ ಕೇಳಬೇಕು. ಹಿಂದಿನವರು ಹೂಂ ಅನಬೇಕು. ಹೂಂ ಅನ್ನೂತನಕ ಮುಂದಿನ ಹೆಜ್ಜಿ ಇಲ್ಲ. ನಮ್ಮ ಊರಾಗ ಕಥಿ ಹೇಳೋರು ಘಳಿಗಿಗೊಮ್ಮಿ ಹೂಂ ಅನ್ರಿ ಅಂತ ಯಾಕ ಪೀಡಿಸ್ತಾರ ಅಂತ ನೀವು ನಗತೀರಲ್ಲ. ಅಲ್ಲಿಂದ ಬಂದದ್ದು.

ಮತ್ತ ಶೀಗಿಹುಣ್ಣಿಮಿ ಆಗಿ ಹುಲ್ಲು ಬಲತ ಮ್ಯಾಲ ಒಂದಿನ ಊರಿಗೆ ಊರ ಆ ಕಲ್ಲಿಗೆ ಹೋಗ್ತೈತಿ. ಎರಡು ರೊಟ್ಟಿ ಇಟ್ಟು, ಅದರ ಮ್ಯಾಲ ಗುರೆಳ್ಳು ಹಿಂಡಿ ಇಟ್ಟು, ಕಮರಿ ಕಡೆ ಮಾರಿ ಮಾಡಿ ಎಲ್ಲಾರೂ ಸುಮ್ಮನ ನಿಲ್ಲತೀವಿ. ಆಮ್ಯಾಲ ದೊಡ್ಡವರು, ಸಣ್ಣವರು, ಕಂಕಳದಾಗಿನ ಕೂಸು ಸೈತ, ಕೂಡಿ ಹೂಂ ಅಂತೀವಿ. ಯಾರೂ ಕೂಸಿನ ಬಾಯಿ ಮುಚ್ಚಂಗಿಲ್ಲ. ನಾ ಸಣ್ಣಾಕಿದ್ದಾಗ ನಮ್ಮವ್ವನ್ನ ಕೇಳಿದ್ದೆ, ಯಾರೂ ಕರೀಲಿಲ್ಲಲ್ಲಬೇ, ನಾವ್ಯಾಕ ಹೂಂ ಅಂದ್ವಿ ಅಂತ. ನಮ್ಮವ್ವ ತನ್ನ ಸೆರಗು ನನ್ನ ಕೈಯಾಗ ಇಟ್ಲು. ಗಾಳೆವ್ವ ಕರಿಯುವಾಗ ಯಾರೂ ಹೂಂ ಅನಲಿಲ್ಲ, ಈಗ ಊರೆಲ್ಲ ಅಂತೈತಿ, ಕರಿಯಾಕಿ ಇಲ್ಲ. ಇಷ್ಟ ಕಥಿ.

ಯಾಕ ಸುಮ್ಮನಾದ್ರಿ? ಹೂಂ ಅನ್ರಿ.